ದೇವರು ಉತ್ತರ ಕೊಡದಿದ್ದರೆ ನಾನೂ ಸೌಲನಂತೆ ಆದೆನಾ?

ಪ್ರಶ್ನೆ: ನಾನು ಕರಾವಳಿಯವಳು, ನರ್ಸ್. ಕುವೈತ್‌ನಲ್ಲಿ ಒಳ್ಳೆ ಸಂಬಳದ ಕೆಲಸ ಸಿಕ್ಕಿದೆ. ಅಪ್ಪ ಇಲ್ಲ, ಅಮ್ಮನಿಗೆ ಮಂಡಿ ನೋವು, ತಮ್ಮ ಇನ್ನೂ ಓದುತ್ತಿದ್ದಾನೆ. ಹೋಗಲೋ ಬೇಡವೋ ಎಂದು ಉಪವಾಸ ಇದ್ದು ಪ್ರಾರ್ಥಿಸಿದೆ. ದೇವರಿಂದ ಒಂದು ಮಾತೂ ಬರಲಿಲ್ಲ. ಪ್ರಾರ್ಥನಾ ಕೂಟದ ಅಕ್ಕ ಒಬ್ಬರು, “ಸೌಲನಿಗೂ ದೇವರು ಉತ್ತರ ಕೊಡಲಿಲ್ಲ, ನಿನ್ನಲ್ಲಿ ಏನೋ ಪಾಪ ಅಡಗಿದೆ” ಎಂದರು. ಕಾಣಿಕೆ ಕೊಟ್ಟರೆ ದರ್ಶನ ನೋಡಿ ಹೇಳುವವರ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ. ತಿಂಗಳ ಕೊನೆಗೆ ಆಸ್ಪತ್ರೆಗೆ ಉತ್ತರ ಹೇಳಬೇಕು. ಏನು ಮಾಡಲಿ?

ಉತ್ತರ: ತಂಗಿ, ಆ ಅಕ್ಕ ಇಸ್ರಾಯೇಲಿನ ಮೊದಲ ರಾಜ ಸೌಲನ ಕಥೆಯನ್ನು ಅರ್ಧ ಹೇಳಿದ್ದಾರೆ. ಬೈಬಲಿನ 1 ಸಮುವೇಲ 28ರಲ್ಲಿ ಶತ್ರುಗಳಾದ ಫಿಲಿಷ್ಟಿಯರ ದಂಡು ನೋಡಿ ಸೌಲ ನಡುಗುತ್ತಾನೆ. ದೇವರನ್ನು ಕೇಳುತ್ತಾನೆ. ಕನಸು, ಊರೀಮ್ (ದೇವರ ಚಿತ್ತ ತಿಳಿಯಲು ಯಾಜಕರು ಬಳಸುತ್ತಿದ್ದ ವಸ್ತು), ಪ್ರವಾದಿಗಳು, ಯಾವುದರಿಂದಲೂ ಉತ್ತರ ಬರುವುದಿಲ್ಲ. ನಿಜ. ಆದರೆ 22ನೇ ಅಧ್ಯಾಯ ಓದಿ. ತಾನು ದ್ವೇಷಿಸುತ್ತಿದ್ದ ದಾವೀದನಿಗೆ ಸಹಾಯ ಮಾಡಿದರು ಎಂಬ ಸಿಟ್ಟಿಗೆ ನೋಬ್ ಊರಿನ 85 ಯಾಜಕರನ್ನು ಅವನು ಕೊಲ್ಲಿಸಿದ್ದ. ತಪ್ಪಿಸಿಕೊಂಡ ಯಾಜಕ ಎಬ್ಯಾತಾರ, ದೇವರ ಚಿತ್ತ ಕೇಳಲು ಬೇಕಾದ ಯಾಜಕರ ಉಡುಪು ಏಫೋದನ್ನು ಹಿಡಿದು ದಾವೀದನ ಹತ್ತಿರ ಓಡಿದ. ಕೇಳುವ ದಾರಿಯನ್ನು ಸೌಲ ತನ್ನ ಕೈಯಾರೆ ಕಡಿದಿದ್ದ. ನೀವು ಅಂಥದ್ದೇನು ಮಾಡಿದಿರಿ? ಕೆಲಸದ ಬಗ್ಗೆ ಪ್ರಾರ್ಥಿಸಿದಿರಿ, ಅಷ್ಟೇ ಅಲ್ವಾ?

ಆಮೇಲೆ ಸೌಲ ವೇಷ ಮರೆಸಿಕೊಂಡು ರಾತ್ರಿ ಏಂದೋರಿಗೆ ಹೋದ, ಸತ್ತವರನ್ನು ಮಾತಾಡಿಸುವ ಹೆಂಗಸಿನ ಹತ್ತಿರ. ಅಂಥವರನ್ನು ದೇಶದಿಂದ ಓಡಿಸಿದ್ದವನೂ ಅವನೇ. ಅಲ್ಲಿ ಸತ್ತ ಪ್ರವಾದಿ ಸಮುವೇಲನ ಮಾತು ಸಿಕ್ಕಿತು: ನಾಳೆ ನೀನೂ ನಿನ್ನ ಮಕ್ಕಳೂ ಸಾಯುತ್ತೀರಿ ಎಂದು. ಕೇಳಿ ನೆಲಕ್ಕೆ ಬಿದ್ದ. ಯಾವ ದಾರಿಯೂ ತೆರೆಯಲಿಲ್ಲ. (ಹಸಿದು ಬಿದ್ದವನಿಗೆ ಕರು ಕೊಯ್ದು, ರೊಟ್ಟಿ ಸುಟ್ಟು ಬಡಿಸಿದವಳು ಆ ಹೆಂಗಸೇ. ಅವಳ ಮೇಲೆ ನನಗೆ ತುಂಬಾ ಗೌರವ.) ದುಡ್ಡು ಕೊಟ್ಟು ದರ್ಶನ ಕೇಳಲು ದಯವಿಟ್ಟು ಹೋಗಬೇಡಿ. ಹೆದರಿದವರಿಗೆ ಯಾರ ಮಾತಾದರೂ ದೇವರ ಮಾತಿನಂತೆ ಕೇಳಿಸುತ್ತದೆ.

“ನಿನ್ನಲ್ಲಿ ಪಾಪ ಇದೆ” ಎಂದು ಯೋಬನಿಗೂ ಅವನ ಗೆಳೆಯರು ಹೇಳಿದ್ದರು. 38ನೇ ಅಧ್ಯಾಯದವರೆಗೆ ದೇವರು ಅವನಿಗೆ ಏನೂ ಹೇಳುವುದಿಲ್ಲ. ಕೊನೆಗೆ ದೇವರ ಕೋಪ ತಿರುಗುವುದು ಆ ಗೆಳೆಯರ ಮೇಲೆ: ನನ್ನ ದಾಸ ಯೋಬನಂತೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಎಂದು. 88ನೇ ಕೀರ್ತನೆಯಂತೂ ಉತ್ತರವೇ ಇಲ್ಲದೆ ಕತ್ತಲಲ್ಲಿ ಮುಗಿಯುತ್ತದೆ. ಅದನ್ನು ಯಾರೂ ತೆಗೆದುಹಾಕಲಿಲ್ಲ. ಉತ್ತರ ಬರದೆ ಅತ್ತವರೂ ದೇವರ ಜನರೇ, ಪಾಪಿಗಳ ಪಟ್ಟಿಗೆ ಸೇರಿದವರಲ್ಲ.

ಯೆರೆಮೀಯನ ಪುಸ್ತಕದ 42ನೇ ಅಧ್ಯಾಯವೂ ನಿಮಗೆ ಬೇಕು. ಈಜಿಪ್ಟಿಗೆ ಹೋಗೋಣವೇ ಎಂದು ಜನ ಕೇಳಿದಾಗ ಪ್ರವಾದಿಗೇ 10 ದಿನ ಉತ್ತರ ಬರಲಿಲ್ಲ. ಹೋಗಬೇಡಿ ಎಂಬ ಉತ್ತರ ಬಂದಾಗ ಜನ ಅವನನ್ನೇ ಸುಳ್ಳುಗಾರ ಎಂದರು. ಹೊರಡಬೇಕೆಂದು ಮನಸ್ಸು ಮಾಡಿಯೇ ಕೇಳಿದ್ದರು. ನಿಮ್ಮ ಮನಸ್ಸು ಈಗಾಗಲೇ ಯಾವ ಕಡೆ ವಾಲಿದೆ? ಇದನ್ನು ನಿಮಗೆ ನೀವೇ ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ಹೋಗಬೇಕು ಅನ್ನಿಸುವುದು ತಪ್ಪಲ್ಲ.

ರಾಣಿ ಎಸ್ತೇರಳಿಗೂ ದೇವರ ಧ್ವನಿ ಕೇಳಿಸಲಿಲ್ಲ. ಹೀಬ್ರೂ ಭಾಷೆಯ ಆ ಪುಸ್ತಕದಲ್ಲಿ ದೇವರ ಹೆಸರೇ ಇಲ್ಲ. ಅವಳು 3 ದಿನ ಉಪವಾಸ ಮಾಡಿದಳು, ಒಬ್ಬಳೇ ಅಲ್ಲ, ಶೂಷನ್ ಪಟ್ಟಣದ ಯೆಹೂದ್ಯರೆಲ್ಲರ ಜೊತೆ. ಆಮೇಲೆ ತನ್ನ ಜನರನ್ನು ಉಳಿಸಲು ಎದ್ದು ರಾಜನ ಮುಂದೆ ಹೋದಳು. ನೀವು ಮಾತ್ರ ಒಬ್ಬರೇ ಕೂತು ಕೇಳುತ್ತಿದ್ದೀರಿ. ನಿಮ್ಮ ಪತ್ರದಲ್ಲಿ ಅಮ್ಮನ ಮಂಡಿ ಇದೆ, ಅಮ್ಮನ ಮಾತು ಇಲ್ಲ.

ಈ ಭಾನುವಾರ ಅಮ್ಮ, ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಕೇಳಿ. ಅಮ್ಮನನ್ನು ಡಾಕ್ಟರ ಹತ್ತಿರ ಯಾರು ಕರೆದೊಯ್ಯುತ್ತಾರೆ, ತಮ್ಮನ ಫೀಸು ಎಷ್ಟು ಬಾಕಿ ಇದೆ, ನಿಮಗೆ ವರ್ಷಕ್ಕೆ ರಜೆ ಎಷ್ಟು, ಎಲ್ಲ ಬರೆದಿಡಿ. ಏಜೆನ್ಸಿ ಮೂಲಕ ಹೋಗುವುದಾದರೆ ಅದರ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಇನ್ನೂ ಟೈಮ್ ಬೇಕಾದರೆ ಆಸ್ಪತ್ರೆಯವರನ್ನೇ ಕೇಳಿ, ಎರಡು ವಾರ ಕೊಟ್ಟರೂ ಕೊಡಬಹುದು.