ಪ್ರಶ್ನೆಪತ್ರಿಕೆ ಬಿಡಿ, ಗಡಿಯಾರ ಹಿಡಿಯಿರಿ

ಓದುಗರ ಪತ್ರ: ನಮ್ಮ ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಹೆರಿಗೆ ನಂತರದ ರಕ್ತಸ್ರಾವದ (ಪಿಪಿಎಚ್) ಬಗ್ಗೆ ಪ್ರಬಂಧ ಮಾಡುತ್ತಿದ್ದಾಳೆ. ಅಂತಿಮ ವರ್ಷದ 60 ವಿದ್ಯಾರ್ಥಿನಿಯರಿಗೆ 30 ಪ್ರಶ್ನೆಗಳ ಪರೀಕ್ಷೆ, ಆಮೇಲೆ 45 ನಿಮಿಷದ ಪಾಠ, ಏಳನೆಯ ದಿನ ಅದೇ ಪ್ರಶ್ನೆಗಳ ಮರುಪರೀಕ್ಷೆ. ಇಂಥ ಅಧ್ಯಯನಗಳು ಹಳಸಿವೆ ಎಂದು ನಿಮ್ಮ ಪತ್ರಿಕೆ ಬರೆಯಿತು. ಹಾಗಾದರೆ ಬೇರೇನು ಮಾಡಬೇಕು? ನಮ್ಮಲ್ಲಿ ಹಣವೂ ಇಲ್ಲ, ಸಿಮ್ಯುಲೇಷನ್ ಲ್ಯಾಬೂ ಇಲ್ಲ.
– ಪ್ರಸೂತಿ ಶುಶ್ರೂಷಾ ಬೋಧಕಿ

ಸಂಪಾದಕರ ಉತ್ತರ: ನಮಸ್ಕಾರ ಮೇಡಂ. ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಕಾರಣ ಹೇಳಿ ದಾರಿ ತೋರಿಸುವ ಹೊಣೆಯೂ ನಮ್ಮದೇ.

ಒಂದೇ ಪ್ರಶ್ನೆಪತ್ರಿಕೆಯನ್ನು ವಾರದೊಳಗೆ ಎರಡು ಸಲ ಕೊಟ್ಟರೆ ಅಂಕ ಏರಿಯೇ ಏರುತ್ತದೆ. ಪಾಠ ಮಾಡದಿದ್ದರೂ ಒಂದಿಷ್ಟು ಏರುತ್ತದೆ, ಏಕೆಂದರೆ ಮೊದಲ ಪರೀಕ್ಷೆ ಮುಗಿದ ಸಂಜೆಯೇ ಹುಡುಗಿಯರು ಉತ್ತರ ಹುಡುಕಿರುತ್ತಾರೆ. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದ ಮೇಲೆ ಆ ಏರಿಕೆಯಲ್ಲಿ ಪಾಠದ ಪಾಲೆಷ್ಟು ಎಂದು ಹೇಳುವುದು ಹೇಗೆ? ಪೇರ್ಡ್ ಟಿ-ಟೆಸ್ಟ್‌ನಲ್ಲಿ ಪಿ ಮೌಲ್ಯ (ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣುವ ಸಂಭವ) 0.001ಕ್ಕಿಂತ ಕೆಳಗೆ ಬಂದರೆ ಅಚ್ಚರಿಯೇನೂ ಇಲ್ಲ. ಬಾರದಿದ್ದರೆ ಅದು ಸುದ್ದಿ.

ಇನ್ನೂ ದೊಡ್ಡ ತೊಡಕು ಬೇರೆಯಿದೆ. 500 ಮಿ.ಲೀ. ದಾಟಿದರೆ ಪಿಪಿಎಚ್ ಎಂದು ಬರೆಯಬಲ್ಲವಳು ಹಾಸಿಗೆಯ ಮೇಲಿನ 500 ಮಿ.ಲೀ.ಯನ್ನು ಗುರುತಿಸಬಲ್ಲಳು ಎಂದೇನಿಲ್ಲ. 2006ರಲ್ಲಿ ಪ್ರಕಟವಾದ ಬೆಳಗಾವಿಯ ಅಧ್ಯಯನದಲ್ಲಿ 123 ಹೆರಿಗೆಗಳನ್ನು ನೋಡಿದಾಗ, ಕಣ್ಣಳತೆಯ ಅಂದಾಜು ರಕ್ತ ಹಿಡಿಯಲು ಬಾಣಂತಿಯ ಕೆಳಗೆ ಹಾಸುವ, ಅಳತೆಗೆರೆಯ ಚೀಲವಿರುವ ಡ್ರೇಪ್‌ನ ಅಳತೆಗಿಂತ ಶೇ. 33ರಷ್ಟು ಕಡಿಮೆ ಬಂದಿತ್ತು. ರಕ್ತ ಹೆಚ್ಚಾದಷ್ಟೂ ಅಂದಾಜು ಕೆಳಕ್ಕೆ ಜಾರುತ್ತದೆ. ಸೇವೆಯ ವರ್ಷಗಳು ಇದನ್ನು ಸರಿಪಡಿಸುವುದಿಲ್ಲ.

ಹಾಗಾದರೆ ಡ್ರೇಪ್ ಕೊಟ್ಟುಬಿಟ್ಟರೆ ಆಯಿತೇ? ಇಲ್ಲ. ಯುರೋಪಿನ 13 ದೇಶಗಳ 78 ಹೆರಿಗೆ ಘಟಕಗಳಲ್ಲಿ ಸಂಗ್ರಹ ಚೀಲವನ್ನಷ್ಟೇ ಕೊಟ್ಟು ನೋಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ತೀವ್ರ ರಕ್ತಸ್ರಾವ ಚೀಲವಿದ್ದ ಕಡೆ ಶೇ. 1.71, ಇಲ್ಲದ ಕಡೆ ಶೇ. 2.06; ಗಣನೀಯ ವ್ಯತ್ಯಾಸವೆನ್ನಲು ಅದು ಸಾಲಲಿಲ್ಲ. 2023ರ ಇ-ಮೋಟಿವ್ ಪ್ರಯೋಗದ ಕಥೆಯೇ ಬೇರೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆ. ಅಲ್ಲಿ ಡ್ರೇಪ್‌ನ ಜತೆಗೆ, ಗೆರೆ ಮುಟ್ಟಿದೊಡನೆ ಒಟ್ಟಿಗೆ ಮಾಡಬೇಕಾದ ಕೆಲಸಗಳ ಕಟ್ಟೊಂದಿತ್ತು: ಗರ್ಭಕೋಶದ ಮಸಾಜ್, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ರಕ್ತನಾಳಕ್ಕೆ ಐ.ವಿ. ದ್ರವ, ರಕ್ತ ಎಲ್ಲಿಂದ ಬರುತ್ತಿದೆ ಎಂಬ ತಪಾಸಣೆ ಮತ್ತು ಹಿರಿಯರಿಗೆ ಕರೆ. ಒಂದು ಮುಗಿದು ಫಲ ಕಾಣುವವರೆಗೆ ಕಾದು ಇನ್ನೊಂದಕ್ಕೆ ಕೈಹಾಕುವ ಹಳೆಯ ಕ್ರಮ ಅಲ್ಲಿರಲಿಲ್ಲ. ಒಂದು ಲೀಟರ್ ದಾಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಕ್ರಿಯೆ, ಅದರಿಂದಾದ ಸಾವು – ಮೂರೂ ಸೇರಿ ಶೇ. 4.3ರಿಂದ 1.6ಕ್ಕೆ ಇಳಿದವು. ಕಟ್ಟು ಪೂರ್ತಿಯಾದ ಪ್ರಮಾಣ ಈ ಕ್ರಮ ಜಾರಿಯಲ್ಲಿದ್ದ ಕಡೆ ಶೇ. 91, ಎಂದಿನ ಆರೈಕೆಯ ಕಡೆ ಶೇ. 19.

ಆದ್ದರಿಂದ ನಿಮ್ಮ ವಿದ್ಯಾರ್ಥಿನಿ ಅಳೆಯಬೇಕಾದದ್ದು ಗೆರೆ ಮುಟ್ಟಿದ ಕ್ಷಣಕ್ಕೂ ಕೈ ಓಡಿದ ಕ್ಷಣಕ್ಕೂ ನಡುವಿನ ಸಮಯವನ್ನು. ಅದಕ್ಕೆ ಅಣಕು ತುರ್ತುಸ್ಥಿತಿಯ ಡ್ರಿಲ್ ಸಾಕು, ದುಬಾರಿ ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಬೇಡ.

ಎನಿಮಾ ಕ್ಯಾನ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಕೆಂಪು ಬಣ್ಣ ಕಲಸಿದ ನೀರು ತುಂಬಿ, ಕೊಳವೆಯನ್ನು ಹೊದಿಕೆಯ ಕೆಳಗಿನಿಂದ ಡ್ರೇಪ್‌ನೊಳಕ್ಕೆ ತನ್ನಿ. ಬಾಣಂತಿಯ ಪಾತ್ರಕ್ಕೆ ಒಬ್ಬಳು ಮಲಗಲಿ. ಕ್ಲ್ಯಾಂಪ್ ಹಿಡಿಯಲು ಇನ್ನೊಬ್ಬಳು ಬೇಕು. ಅಳತೆಯ ಜಾಡಿಯಿಟ್ಟು ಹರಿವನ್ನು ಮೊದಲೇ ನಿಮಿಷಕ್ಕೆ 50 ಮಿ.ಲೀ.ಗೆ ಹೊಂದಿಸಿ: ಆರನೆಯ ನಿಮಿಷಕ್ಕೆ 300, ಹತ್ತನೆಯದಕ್ಕೆ 500. ಕ್ಯಾನ್ ಖಾಲಿಯಾಗುತ್ತ ಬಂದಂತೆ ಹರಿವು ಕುಗ್ಗುತ್ತದೆ, ಹಾಗಾಗಿ ಎರಡು ಲೀಟರ್ ತುಂಬಿ 600ಕ್ಕೆ ನಿಲ್ಲಿಸಿ. ಕ್ಯಾನಿನ ಎತ್ತರವನ್ನು ಒಮ್ಮೆ ಗುರುತು ಮಾಡಿದರೆ ಮತ್ತೆ ಬದಲಿಸಬೇಡಿ.

300 ಏಕೆಂದರೆ, ನಾಡಿ 100 ದಾಟಿದ್ದರೆ ಅಥವಾ ಸಿಸ್ಟಾಲಿಕ್ (ಮೇಲಿನ ಅಂಕಿ) ರಕ್ತದೊತ್ತಡ 100ಕ್ಕಿಂತ ಇಳಿದಿದ್ದರೆ 500ರವರೆಗೆ ಕಾಯದೆ ಅಲ್ಲೇ ಚಿಕಿತ್ಸೆ ಶುರುಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯೂ ಈ ನಿಲುವಿಗೆ ಬಂದಿದೆ. ಡ್ರಿಲ್‌ನಲ್ಲಿ ‘ನಾಡಿ 112’ ಎಂದು ಬರೆದ ಚೀಟಿ ಸಿದ್ಧವಿರಲಿ. ಆದರೆ ವಿದ್ಯಾರ್ಥಿನಿ ಮಣಿಕಟ್ಟು ಹಿಡಿದಾಗ ಮಾತ್ರ ಕೊಡಿ. ಕೇಳದೆ ಹೇಳಿಬಿಟ್ಟರೆ ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಬೋಧಕರು ಮಾಡುವ ಎಡವಟ್ಟು ಹೆಚ್ಚಾಗಿ ಇದೇ.

ಡ್ರೇಪ್ ಹಾಕುವುದನ್ನೂ ಅಂಕಪಟ್ಟಿಗೆ ಸೇರಿಸಿ. ಮಗು ಹೊರಬಂದು ಗರ್ಭದ ನೀರು ಹರಿದ ಮೇಲೆ ಅದನ್ನು ಪೃಷ್ಠದ ಕೆಳಗೆ ಸರಿಸಬೇಕು. ಮುಂಚೆಯೇ ಹಾಕಿದರೆ ಆ ನೀರೂ ಲೆಕ್ಕಕ್ಕೆ ಬರುತ್ತದೆ. ಚೀಲದ ಬಾಯಿ ತೆರೆದು ಕೆಳಕ್ಕೆ ಜೋತುಬಿದ್ದಿರಬೇಕು, ಮಡಿಕೆಯಲ್ಲಿ ರಕ್ತ ನಿಲ್ಲಬಾರದು, ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ಓದಬೇಕು. ಹತ್ತಿ, ಗಾಜ್ ಹೀರಿದ್ದನ್ನು ತೂಗಿ, ಒಣ ತೂಕ ಕಳೆದು, ಒಂದು ಗ್ರಾಂಗೆ ಒಂದು ಮಿ.ಲೀ. ಎಂದು ಕೂಡಿಸಿ. ಒಣ ತೂಕವನ್ನು ಮೊದಲೇ ಬರೆದಿಡದವರಿಗೆ ಆಮೇಲೆ ಅದು ಸಿಗುವುದಿಲ್ಲ.

ಔಷಧಿಯ ವಿಚಾರದಲ್ಲಿ ಹೆಸರು ಹೇಳಿದರೆ ಅಂಕ ಕೊಡಬೇಡಿ, ಕೈಯಲ್ಲಿ ಮಾಡಲಿ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಮಿ.ಲೀ.ಗೆ 100 ಮಿ.ಗ್ರಾಂ ಇರುವ ಆಂಪೂಲ್ ಆದರೆ 10 ಮಿ.ಲೀ., ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ಹೆರಿಗೆಯಾದ 3 ಗಂಟೆಯೊಳಗೆ ಕೊಡಬೇಕು. ಪ್ರತಿ 15 ನಿಮಿಷ ತಡವಾದಂತೆ ಲಾಭ ಸುಮಾರು ಶೇ. 10ರಷ್ಟು ಕುಸಿಯುತ್ತದೆ. ಗಡಿಬಿಡಿಯಲ್ಲಿ ಅರ್ಧ ನಿಮಿಷಕ್ಕೆ ತಳ್ಳಿಬಿಡುವುದು ಸಾಮಾನ್ಯ ತಪ್ಪು. ಆಕ್ಸಿಟೋಸಿನ್ 10 ಯೂನಿಟ್‌ಗಳನ್ನು ರಕ್ತನಾಳಕ್ಕೆ ಒಮ್ಮೆಲೇ ತಳ್ಳುವುದು ಅದಕ್ಕಿಂತ ಅಪಾಯಕಾರಿ, ಮೊದಲೇ ರಕ್ತ ಕಳೆದುಕೊಂಡವಳ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ.

ಗುಂಪುಗಳ ಹಂಚಿಕೆ: 60 ಮಂದಿಯನ್ನು ಚೀಟಿಯೆತ್ತಿ 30–30 ಮಾಡಿ. ಒಂದು ಗುಂಪಿಗೆ 45 ನಿಮಿಷದ ಪಾಠ. ಇನ್ನೊಂದಕ್ಕೆ 15 ನಿಮಿಷ ಪಾಠ, 30 ನಿಮಿಷ ಡ್ರಿಲ್. ಒಟ್ಟು ಸಮಯ ಒಂದೇ ಆಗಿರಲಿ, ಇಲ್ಲದಿದ್ದರೆ ‘ಅವರಿಗೆ ಹೆಚ್ಚು ಹೊತ್ತು ಕಲಿಸಿದಿರಿ’ ಎಂಬ ಆಕ್ಷೇಪಕ್ಕೆ ಉತ್ತರವಿರದು. ಹಾಸ್ಟೆಲ್‌ನಲ್ಲಿ ಮಾತು ಹಬ್ಬುವ ಮುನ್ನ ಎರಡು ದಿನದೊಳಗೆ ಎರಡೂ ಗುಂಪಿಗೆ ಡ್ರಿಲ್‌ನ ಪರೀಕ್ಷೆ ಮುಗಿಸಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಯಾರು ಯಾವ ಗುಂಪೆಂದು ತಿಳಿಯದ ಇಬ್ಬರು ಬೇರೆ ಬೇರೆಯಾಗಿ ನೋಡಿ ಸಮಯ ಬರೆಯಲಿ. ಅವರಿಬ್ಬರ ನಡುವೆ ಎಷ್ಟು ತಾಳೆಯಾಯಿತೆಂಬುದನ್ನು ಸಮಯಕ್ಕೆ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಷನ್) ಅಂಕಿಯಲ್ಲಿ, ಮಾಡಿದಳೇ ಇಲ್ಲವೇ ಎಂಬುದಕ್ಕೆ ಕಪ್ಪಾ ಅಂಕಿಯಲ್ಲಿ ಕೊಡಿ.

ಲೆಕ್ಕದಲ್ಲಿ ಎಚ್ಚರವಹಿಸಬೇಕಾದ ಜಾಗ ಒಂದಿದೆ. ಕೆಲವರು ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದೇ ಇಲ್ಲ. ಅವರ ಸಮಯದ ಕಾಲಂ ಖಾಲಿ ಉಳಿಯುತ್ತದೆ, ಸಾಫ್ಟ್‌ವೇರ್ ಅವರನ್ನು ಸದ್ದಿಲ್ಲದೆ ಕೈಬಿಡುತ್ತದೆ. ಆಗ ಅರ್ಧಕ್ಕರ್ಧ ಜನ ಮರೆತ ಗುಂಪೇ ‘ಸರಾಸರಿ 4 ನಿಮಿಷ’ ಎಂದು ಚುರುಕಾಗಿ ಕಾಣಬಹುದು! ಡ್ರಿಲ್‌ಗೆ 20 ನಿಮಿಷದ ಮಿತಿ ಹಾಕಿ, ಮಾಡದವರನ್ನು ಮಿತಿಯವರೆಗೂ ಮಾಡದವರೆಂದೇ ಲೆಕ್ಕಕ್ಕೆ ತಂದು ಸಮಯ ಸರಿದಂತೆ ಎಷ್ಟು ಜನ ಇನ್ನೂ ಮಾಡಿಲ್ಲವೆಂದು ತೋರಿಸುವ ಕಪ್ಲಾನ್-ಮೇಯರ್ ರೇಖೆ, ಎರಡು ಗುಂಪಿನ ರೇಖೆಗಳನ್ನು ಹೋಲಿಸುವ ಲಾಗ್-ರ‍್ಯಾಂಕ್ ಪರೀಕ್ಷೆ ಬಳಸಿ. ಸರಾಸರಿಯ ಬದಲು ಮಧ್ಯಾಂಕ ಕೊಡಿ.

ಕಣ್ಣಳತೆಯ ಅಂದಾಜನ್ನೂ ಸೇರಿಸುವುದಾದರೆ ದೋಷವನ್ನು ಎರಡು ರೀತಿ ಬರೆಯಿರಿ, ಚಿಹ್ನೆಯೊಡನೆ ಮತ್ತು ಚಿಹ್ನೆಯಿಲ್ಲದೆ. ಒಬ್ಬಳು ಶೇ. 50 ಹೆಚ್ಚು, ಇನ್ನೊಬ್ಬಳು ಶೇ. 50 ಕಡಿಮೆ ಹೇಳಿದರೆ ಸರಾಸರಿ ದೋಷ ಸೊನ್ನೆ; ಆದರೆ ಇಬ್ಬರೂ ತಪ್ಪಿದ್ದಾರೆ.

ಕೊನೆಗೆ ಒಪ್ಪಿಗೆಪತ್ರದ ಮಾತು. ಅಂಕ ಕೊಡುವ ಬೋಧಕರೇ ಸಹಿ ಕೇಳಬಾರದು, ಫಲಿತಾಂಶ ಇಂಟರ್ನಲ್ ಅಂಕಕ್ಕೆ ಸೇರಬಾರದು, ಬರೀ ಪಾಠ ಕೇಳಿದ ಗುಂಪಿಗೂ ಅಧ್ಯಯನ ಮುಗಿದ ಮೇಲೆ ಡ್ರಿಲ್ ಸಿಗಬೇಕು. ಮೂರು ತಿಂಗಳ ಬಳಿಕ ಮತ್ತೊಂದು ಡ್ರಿಲ್ ಇಡಿ, ಕಲಿತದ್ದು ಎಷ್ಟು ಉಳಿದಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಅದು ನಡೆಯುತ್ತದೆ ಎಂಬುದನ್ನು ಒಪ್ಪಿಗೆಪತ್ರದಲ್ಲಿ ಬರೆಯಿರಿ, ಯಾವ ದಿನವೆಂದು ಮಾತ್ರ ಹೇಳಬೇಡಿ.