ಬೋರ್ಡ್ ನಮ್ಮದು, ಬೀಗದ ಕೈ ಯಾರದು?

ಪ್ರಶ್ನೆ: ನನ್ನ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಲಿನಕ್ಸ್ ಹಾಕಿದ್ದೇನೆ. ಅದರೊಳಗಿನ ತಂತ್ರಾಂಶವೆಲ್ಲ ಸ್ವತಂತ್ರವೇ, ಅಂದರೆ ಯಾರಾದರೂ ಓದಿ, ತಿದ್ದಿ, ಹಂಚಬಹುದಾದದ್ದೇ? ಗೆಳೆಯ ಅಲ್ಲ ಎನ್ನುತ್ತಾನೆ.

ಉತ್ತರ: ಗೆಳೆಯರ ಮಾತು ಸರಿ. ಎಸ್‌ಡಿ ಕಾರ್ಡಿನ ಬೂಟ್ ವಿಭಾಗ ತೆರೆದು ನೋಡಿ, ‘ಬೂಟ್‌ಕೋಡ್.ಬಿನ್’, ‘ಸ್ಟಾರ್ಟ್.ಎಲ್ಫ್’ ಎಂಬ ಕಡತಗಳಿವೆ. ವಿದ್ಯುತ್ ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಲಿನಕ್ಸ್ ಓಡುವ ಆರ್ಮ್ ಪ್ರೊಸೆಸರ್ ಅಲ್ಲ, ವಿಡಿಯೋಕೋರ್ ಎಂಬ ಗ್ರಾಫಿಕ್ಸ್ ಭಾಗ. ಈ ಕಡತಗಳು ಅದರ ಮೇಲೆ ಓಡಿ, ಮೆಮೊರಿ ಸಜ್ಜುಗೊಳಿಸಿ, ಲಿನಕ್ಸ್‌ನ ತಿರುಳಾದ ಕರ್ನಲ್ ತುಂಬಿ, ಆಮೇಲಷ್ಟೇ ಆರ್ಮ್‌ಗೆ ಅಪ್ಪಣೆ ಕೊಡುತ್ತವೆ. ಅಲ್ಲಿಗೂ ಮುಗಿಯುವುದಿಲ್ಲ: ನೀವು ಕೆಲಸ ಮಾಡುವಷ್ಟು ಹೊತ್ತೂ ಈ ಕಡತಗಳಲ್ಲಿರುವ ಫರ್ಮ್‌ವೇರ್ (ಯಂತ್ರಾಂಶವನ್ನು ನೇರವಾಗಿ ನಡೆಸುವ ತಂತ್ರಾಂಶ) ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ಅದರ ಮೂಲ ಸಂಕೇತ (ಸೋರ್ಸ್ ಕೋಡ್) ನಮಗೆ ಸಿಗದು. ಹಂಚಬಹುದು, ಆದರೆ ತಿದ್ದುವಂತಿಲ್ಲ; ಪೈ ಬಿಟ್ಟು ಬೇರೆಡೆ ಬಳಸುವಂತೆಯೂ ಇಲ್ಲ.

2014ರಲ್ಲಿ ಪೈನ ಚಿಪ್ ತಯಾರಿಸುವ ಬ್ರಾಡ್‌ಕಾಮ್ ಕಂಪನಿ ವಿಡಿಯೋಕೋರ್ 4ರ ಗ್ರಾಫಿಕ್ಸ್ ದಾಖಲೆಗಳನ್ನು ಬಿಡುಗಡೆ ಮಾಡಿತು. ಅದರಿಂದ ಒಳ್ಳೆಯ ಸ್ವತಂತ್ರ ಡ್ರೈವರ್ ಹುಟ್ಟಿತು, ನನಗೆ ನಿಜಕ್ಕೂ ಸಂತೋಷವಾಗಿತ್ತು. ಬೂಟ್ ಫರ್ಮ್‌ವೇರ್ ಮಾತ್ರ ಮುಚ್ಚಿಯೇ ಉಳಿಯಿತು. ಕಲಿಯುವ ಮಕ್ಕಳಿಗೆಂದೇ ಮಾಡಿದ ಯಂತ್ರದಲ್ಲಿ ಮೊದಲ ಹೆಜ್ಜೆಯನ್ನೇ ಓದಲಾಗದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಇರುವ ಬೋರ್ಡನ್ನು ಎಸೆಯಬೇಡಿ, ಕಲಿಯಿರಿ. ಮುಂದಿನದನ್ನು ಕೊಳ್ಳುವಾಗ ಆಲ್‌ವಿನ್ನರ್ ಎ20 ಚಿಪ್ಪಿನ ಬೋರ್ಡುಗಳನ್ನು ಗಮನಿಸಿ. ಚಿಪ್ಪಿನೊಳಗೇ ಅಚ್ಚಾದ, ಬದಲಿಸಲಾಗದ ಪುಟ್ಟ ಬೂಟ್ ರೋಮ್ (ROM) ದಾಟಿದರೆ, ಯು-ಬೂಟ್ ಎಂಬ ಸ್ವತಂತ್ರ ಬೂಟ್ ತಂತ್ರಾಂಶದಿಂದಲೇ ಅವು ಏಳುತ್ತವೆ. ವೈಫೈಗೆ ಎಥೆರಾಸ್ ಎಆರ್9271 ಚಿಪ್ಪಿನ ಯುಎಸ್‌ಬಿ ಡಾಂಗಲ್ ಹುಡುಕಿ. ಅದರ ಫರ್ಮ್‌ವೇರ್‌ನ ಮೂಲ ಸಂಕೇತವೂ ಲಭ್ಯವಿದೆ.