ಓದುಗರ ಪ್ರಶ್ನೆ: ಮಳೆ ಪುಸ್ತಕ ಬರೆಯುವ ಹುಡುಗನಿಗೆ ಲೆಕ್ಕ ಬರಲ್ವಾ?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಗಣಿತದಲ್ಲಿ 80ಕ್ಕೆ 17 ಬಂದಿದೆ. ಓದು ಅಂದರೆ "ನಂಗೆ ಲೆಕ್ಕ ಹತ್ತಲ್ಲಮ್ಮ" ಅಂತಾನೆ. ತೋಟಕ್ಕೆ ಬಾ ಅಂದರೆ ಒಂದೇ ಕೂಗಿಗೆ ಎದ್ದು ಬರುತ್ತಾನೆ. ದಿನಾ ಎಷ್ಟು ಮಳೆ ಬಿತ್ತು ಅಂತ ಗುರುತು ಹಾಕಿಡುವ ತಾತನ ಮಳೆ ಪುಸ್ತಕ ಬರೆಯೋದೂ ಇವನೇ. ಪಾಸಾದರೆ ಮೊಬೈಲ್ ಕೊಡಿಸ್ತೀನಿ ಅಂತ ಇವರಪ್ಪ ಹೇಳಿದ್ದಾರೆ, ಅದಕ್ಕೂ ಜಗ್ಗಿಲ್ಲ. ನಮ್ಮ ಮನೇಲಿ ಯಾರಿಗೂ ಲೆಕ್ಕ ಬರಲ್ಲ, ಅದೂ ನಿಜ. ಆದರೆ ಇಷ್ಟು ಸೋಮಾರಿಯಾದರೆ ಹೇಗೆ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ಸೋಮಾರಿ ಅನ್ನೋ ಮಾತನ್ನು ಮೊದಲು ವಾಪಸ್ ತಗೊಳ್ಳಿ ಅಮ್ಮ. ಮೂಡಿಗೆರೆಯ ಜುಲೈ ಮಳೆಯಲ್ಲಿ ಬೆಳಿಗ್ಗೆ ಎದ್ದು, ಕೊಡೆ ಹಿಡಿದು ಮಳೆಮಾಪಕದ ಹತ್ತಿರ ಹೋಗಿ ಅಳತೆ ನೋಡಿ ಬರುವ ಹುಡುಗ ಸೋಮಾರಿ ಆಗಿರೋಕೆ ಸಾಧ್ಯವೇ ಇಲ್ಲ. ಅವನು ತನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದಾನೆ, ಅಷ್ಟೇ. ಎಷ್ಟು ಒದ್ದಾಡಿದರೂ ಇದು ನನ್ನ ಕೈಲಿ ಆಗಲ್ಲ ಅಂತ. ನೀರು ಬೀಳಲ್ಲ ಅಂತ ಖಾತ್ರಿ ಆದ ಮೇಲೆ ಯಾರಾದರೂ ಬೋರ್ ಕೊರೆಸ್ತಾರಾ? ಮೊಬೈಲ್ ಆಸೆ ಕೆಲಸ ಮಾಡದೇ ಇದ್ದಿದ್ದೂ ಅದಕ್ಕೇ. ಸಿಗೋ ವಸ್ತು ಬೇಕು ಅನ್ನಿಸಿದರೆ ಸಾಲದು, ಸಿಗುತ್ತೆ ಅನ್ನೋ ನಂಬಿಕೆಯೂ ಬೇಕು.

ಇನ್ನು "ನಮ್ಮ ಮನೇಲಿ ಯಾರಿಗೂ ಲೆಕ್ಕ ಬರಲ್ಲ" ಅನ್ನೋ ಮಾತು. ಇದನ್ನು ನೀವು ಅವನೆದುರಿಗೆ ಎಷ್ಟು ಸಲ ಹೇಳಿರಬಹುದು? ಸಮಾಧಾನಕ್ಕೆ ಅಂತಲೇ ಹೇಳಿರ್ತೀರಿ, ಗೊತ್ತು. ಆದರೆ ಅವನ ಕಿವಿಗೆ ಅದು, ಈ ಬಾಗಿಲು ನಿನಗೆ ತೆರೆಯಲ್ಲ ಕಣಪ್ಪ, ಅಂತ ಕೇಳಿಸುತ್ತೆ.

ಹಾಗಂತ "ನಿನ್ನ ಕೈಲಿ ಆಗುತ್ತೆ" ಅಂತ ದಿನಾ ಭಾಷಣ ಮಾಡಿದರೂ ನಂಬಲ್ಲ. ಮಕ್ಕಳು ಮಾತು ನಂಬೋದು ಕಮ್ಮಿ, ತಾವೇ ಮಾಡಿ ಮುಗಿಸಿದ್ದನ್ನು ನಂಬ್ತಾರೆ. 1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ ಅನ್ನೋ ಮನಶ್ಶಾಸ್ತ್ರಜ್ಞರು ಕಳೆಯುವ ಲೆಕ್ಕ ಬಾರದ, ಅದರ ಮೇಲೆ ಆಸಕ್ತಿಯೂ ಇಲ್ಲದ 40 ಮಕ್ಕಳನ್ನು ತಗೊಂಡರು. ಒಟ್ಟು 42 ಪುಟದ ಲೆಕ್ಕ, ಏಳು ಸಲ ಕೂರಬೇಕು. ಕೆಲವರಿಗೆ ಒಂದು ಸಲಕ್ಕೆ 6 ಪುಟ ಮಾಡಿ ಅಂದರು. ಕೆಲವರಿಗೆ ಕೊನೆ ಹೊತ್ತಿಗೆ 42 ಪುಟವೂ ಮುಗಿಯಲಿ ಅಂದರು. ಕೆಲಸ ಅಷ್ಟೇ, ಬೇರೆಯಾಗಿದ್ದು ಗುರಿ ಮಾತ್ರ. ಆರಾರು ಪುಟದ ಮಕ್ಕಳು ಲೆಕ್ಕ ಚೆನ್ನಾಗಿ ಕಲಿತರು, ನನಗೆ ಬರುತ್ತೆ ಅನ್ನೋ ಧೈರ್ಯವೂ ಬಂತು. ನನಗೆ ತುಂಬಾ ಇಷ್ಟವಾಗೋದು ಮುಂದಿನದು. ಆಮೇಲೆ ಬೇಕಾದ್ದು ಮಾಡಿ ಅಂತ ಬಿಟ್ಟಾಗಲೂ ಕಳೆಯುವ ಲೆಕ್ಕವನ್ನೇ ಜಾಸ್ತಿ ಕೈಗೆತ್ತಿಕೊಂಡವರು ಇವರೇ. ಅಂದರೆ ಆಸಕ್ತಿ ಮೊದಲು ಬಂದು ಕಲಿಕೆ ಆಮೇಲೆ ಬರಬೇಕು ಅಂತೇನೂ ಇಲ್ಲ. ಸ್ವಲ್ಪ ಕೈಗೆ ಹತ್ತಿದರೆ ಆಸಕ್ತಿ ಹಿಂದೆಯೇ ಬರುತ್ತೆ.

ಅದಕ್ಕೇ "ಈ ಸಲ ಪಾಸಾಗು" ಅನ್ನಬೇಡಿ. ಇವತ್ತು ಮೂರು ಲೆಕ್ಕ, ಅದೂ ಅವನಿಗೆ ಬರುವ ಕಡೆಯಿಂದ ಶುರು. ಅದು ಏಳನೇ ಕ್ಲಾಸಿನ ಪುಸ್ತಕವಾದರೂ ನಾಚಿಕೆ ಬೇಡ.

ಆ ಮಳೆ ಪುಸ್ತಕ ಇದೆಯಲ್ಲ, ಅದನ್ನು ದಯವಿಟ್ಟು ಮೇಜಿನ ಮೇಲೆ ತನ್ನಿ. ನಿನ್ನೆ 1 ಇಂಚು 35 ಸೆಂಟ್ (ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ), ಇವತ್ತು 80 ಸೆಂಟ್, ಒಟ್ಟು 2 ಇಂಚು 15 ಸೆಂಟ್. ಇದನ್ನು ಅವನು ಬಾಯಲ್ಲೇ ಕೂಡುತ್ತಾನೆ ಅಲ್ವಾ? 1.35ಕ್ಕೆ 0.80 ಕೂಡಿಸಿದ್ದು ಅದೇ ದಶಮಾಂಶ ತಾನೇ. ಮಿಲಿಮೀಟರಿಗೆ ತರಬೇಕಾದರೆ 25.4ರಿಂದ ಗುಣಿಸಲಿ. ಕಾಫಿ ಹೂ ಅರಳಿಸುವ ಮಾರ್ಚಿನ ಹೂ ಮಳೆ ಈ ಸಲ ಎಷ್ಟು, ಹತ್ತು ವರ್ಷದ ಸರಾಸರಿ ಎಷ್ಟು ಅಂತ ತಾತನೇ ಕೇಳಲಿ. ಆಮೇಲೆ ಒಂದು ಒಗಟು ಕೊಡಿ: ಮಳೆಮಾಪಕದ ಬಾಯಿ ಅಗಲ, ಅಳೆಯುವ ಗಾಜು ಸಣ್ಣ. ಬಿದ್ದಿದ್ದು ಒಂದಿಂಚು ಮಳೆ, ಗಾಜಿನಲ್ಲಿ ನೀರು ಅಷ್ಟೆತ್ತರ ನಿಲ್ಲೋದು ಯಾಕೆ? ಎರಡರ ವ್ಯಾಸವನ್ನೂ ಸ್ಕೇಲ್ ಇಟ್ಟು ಅಳೆದು ಉತ್ತರ ಕಂಡುಹಿಡಿದರೆ, ವೃತ್ತದ ವಿಸ್ತೀರ್ಣ, ಸಿಲಿಂಡರಿನ ಘನಫಲ ಎರಡೂ ಬಂದ ಹಾಗೆ. ಇದು ಲೆಕ್ಕ ಬಾರದ ಹುಡುಗ ಮಾಡುವ ಕೆಲಸ ಅಲ್ಲ ಅಂತ ಅವನಿಗೇ ಗೊತ್ತಾಗುತ್ತೆ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ಚಿಕ್ಕಂದಿನಿಂದ ಎಲ್ಲರೂ ಜಾಣೆ ಅಂತಿದ್ದರು. ಈಗ ಕಷ್ಟದ ಲೆಕ್ಕ ಕಂಡರೆ ಪುಸ್ತಕ ಮುಚ್ಚಿಬಿಡ್ತೀನಿ. ಗೆಳತಿಗಿಂತ ಒಂದು ಮಾರ್ಕ್ಸ್ ಕಮ್ಮಿ ಬಂದರೂ ಊಟ ಸೇರಲ್ಲ. ನಾನು ನಿಜವಾಗಿ ಜಾಣೆ ಅಲ್ವೇನೋ.
– ವಿದ್ಯಾರ್ಥಿನಿ, ಬೇಲೂರು

ಉತ್ತರ: ಪುಟ್ಟಿ, ಇದು ನಿನ್ನ ತಪ್ಪಲ್ಲ, ಆ ಹೊಗಳಿಕೆಯ ತೊಂದರೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳಲ್ಲಿ ಇದನ್ನೇ ನೋಡಿದರು. ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಹಾಕಿದ್ದೀಯ" ಅಂದರು. ಆಮೇಲೆ ತುಂಬಾ ಕಷ್ಟದ ಸಮಸ್ಯೆ ಕೊಟ್ಟರು. ಬುದ್ಧಿವಂತ ಅನ್ನಿಸಿಕೊಂಡವರಿಗೆ ಮುಂದುವರಿಸುವ ಆಸೆ ಕಮ್ಮಿಯಾಯಿತು, ಅದಾದ ಮೇಲೆ ಕೊಟ್ಟ ಸುಲಭದ್ದನ್ನೂ ಮೊದಲಿಗಿಂತ ಕಮ್ಮಿ ಮಾಡಿದರು. ಜಾಣೆ ಅನ್ನೋ ಹೆಸರು ಉಳಿಸಿಕೊಳ್ಳಬೇಕು ಅಂದರೆ, ಸೋಲಬಹುದಾದ ಜಾಗಕ್ಕೆ ಹೋಗದೇ ಇರೋದೇ ಸುಲಭ ದಾರಿ ಅಲ್ವಾ? ನೀನು ಪುಸ್ತಕ ಮುಚ್ಚೋದೂ ಅದಕ್ಕೇ.

ಒಂದು ವಾರ ಹೀಗೆ ಮಾಡು. ದಿನಾ ಒಂದು ಕಷ್ಟದ ಲೆಕ್ಕ. ಉತ್ತರ ಬಂತಾ ಅಂತ ಬರೆಯಬೇಡ, ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡೆ ಅಂತ ಬರಿ. ಮಾರನೇ ದಿನ ಆ ಹೆಜ್ಜೆಯನ್ನು ಟೀಚರ್‌ಗೆ ತೋರಿಸು. ಗೆಳತಿಯ ಮಾರ್ಕ್ಸ್ ನಿನ್ನ ಕೈಲಿಲ್ಲ, ಈ ಹೆಜ್ಜೆ ನಿನ್ನ ಕೈಲಿದೆ. ಇನ್ನೂ ಊಟ ಸೇರದೇ ಹೋದರೆ, ನಿದ್ದೆ ಕೆಟ್ಟರೆ, ಮನೆಯಲ್ಲಿ ಬಾಯಿ ಬಿಟ್ಟು ಹೇಳು. ಒಬ್ಬಳೇ ಇಟ್ಟುಕೊಂಡು ಕೂರಬೇಡ.

ಪ್ರಶ್ನೆ: ಶಾಲೆಯಲ್ಲಿ ಲೈಬ್ರರಿ ಪುಸ್ತಕ ಓದಿದವರಿಗೆ ಸ್ಟಾರ್, ಹತ್ತು ಸ್ಟಾರಿಗೆ ಪೆನ್ನು ಅಂತ ಮಾಡಿದೆ. ಈಗ ಎಲ್ಲರೂ ತೆಳ್ಳಗಿನ ಪುಸ್ತಕಕ್ಕೇ ಮುಗಿಬೀಳ್ತಾರೆ. ಪೆನ್ನು ನಿಲ್ಲಿಸಿದರೆ ಓದೂ ನಿಲ್ಲುತ್ತಾ?
– ಶಿಕ್ಷಕಿ, ಚನ್ನರಾಯಪಟ್ಟಣ

ಉತ್ತರ: ಪೆನ್ನಿಗಾಗಿಯೇ ಓದುವವರದು ನಿಲ್ಲಬಹುದು. ನನಗೆ ಜಾಸ್ತಿ ಚಿಂತೆ ಮೊದಲಿನಿಂದಲೂ ಖುಷಿಗೆ ಓದುತ್ತಿದ್ದ ಮಕ್ಕಳದು. ಚಿತ್ರ ಬಿಡಿಸೋದು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ 1973ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸೋದು ಕಮ್ಮಿಯಾಯಿತು. ಹೇಳದೆ ಕೊನೆಯಲ್ಲಿ ಬಹುಮಾನ ಕೊಟ್ಟವರಲ್ಲಿ ಹಾಗಾಗಲಿಲ್ಲ. ಪುಸ್ತಕ ಮುಟ್ಟದ ಮಗುವನ್ನು ಪುಸ್ತಕದ ಹತ್ತಿರ ತರೋಕೆ ಒಂದು ಪೆನ್ನು ಕೊಟ್ಟರೆ ತಪ್ಪೇನಿಲ್ಲ. ಆದರೆ ಎಣಿಕೆ ಬಿಡಿ. ಶನಿವಾರ ಕೊನೆ ಪೀರಿಯಡ್‌ನಲ್ಲಿ ಒಬ್ಬರು ತಮಗಿಷ್ಟವಾದ ಒಂದು ಪುಟ ಎಲ್ಲರಿಗೂ ಓದಿ ಹೇಳಲಿ, ಪುಸ್ತಕ ಅರ್ಧ ಮಾತ್ರ ಆಗಿದ್ದರೂ ಪರವಾಗಿಲ್ಲ. ಮೊದಲನೇ ವಾರ ನೀವೇ ಓದಿ. ರೋಚಕ ಜಾಗ ಬಂದಾಗ ನಿಲ್ಲಿಸಿ, ಪುಸ್ತಕವನ್ನು ಕಪಾಟಿನ ಮುಂದುಗಡೆ ಇಟ್ಟುಬಿಡಿ. ಸೋಮವಾರ ಅದು ಅಲ್ಲೇ ಇರುತ್ತಾ ಅಂತ ನೋಡಿ ನನಗೆ ಬರೆಯಿರಿ.